ಪ್ಲಾನಿನಲ್ಲಿ ರಸ್ತೆ ತೋರಿಸಿದರೆ ಜಾಗ ಹೋಯಿತಾ?

ಕಾಸರಗೋಡು, ಕುಂಬಳೆ ಕಡೆ ಜಾಗ ತೆಗೆದು ಮನೆ ಕಟ್ಟಿ ಮಾರುವ ಕೆಲಸ ನನ್ನದು. ಮದುವೆ ಮನೆಯಲ್ಲೂ ಜನ ನನ್ನನ್ನು ಕೇಳುವುದು ಇದೇ: "ಅಣ್ಣಾ, ನಮ್ಮ ಜಾಗದ ಮೇಲೆ ಮಾಸ್ಟರ್ ಪ್ಲಾನಿನಲ್ಲಿ ರಸ್ತೆ ತೋರಿಸಿದ್ದಾರೆ. ಪರ್ಮಿಟ್ ಕೊಡುವುದಿಲ್ಲ, ದುಡ್ಡೂ ಕೊಡುವುದಿಲ್ಲ. ಜಾಗ ಹೋಯಿತಾ?"

ಹೋಗಿಲ್ಲ. ಮಾಸ್ಟರ್ ಪ್ಲಾನ್ ಎಂದರೆ ಊರು ಮುಂದೆ ಹೇಗೆ ಬೆಳೆಯಬೇಕೆಂದು ಮಾಡುವ ನಕ್ಷೆ ಅಷ್ಟೇ. ಪ್ಲಾನಿನಲ್ಲಿ ಗುರುತು ಹಾಕುವುದು ಬೇರೆ, ಜಾಗ ವಶಪಡಿಸಿಕೊಳ್ಳುವುದು ಬೇರೆ. ವಶಕ್ಕೆ 2013ರ ಭೂಸ್ವಾಧೀನ ಕಾಯ್ದೆಯ ದಾರಿ ಇದೆ. ಮೊದಲು ಅಧಿಸೂಚನೆ ಬರಬೇಕು. ಆಕ್ಷೇಪ ಹೇಳಲು ನಿಮಗೆ 60 ದಿನ ಸಿಗಬೇಕು. ಜಾಗದ ಬೆಲೆಯ ಮೇಲೆ ಅಷ್ಟೇ ಮೊತ್ತ, ಒತ್ತಾಯಕ್ಕೆ ಜಾಗ ಬಿಡುವುದಕ್ಕೆಂದು ಸಾಂತ್ವನ ಧನವಾಗಿ ಸೇರಬೇಕು. ಇದೊಂದೂ ಆಗದಿದ್ದರೆ ತೀರ್ವೆ (ಭೂಕಂದಾಯ) ಕಟ್ಟುವ ನೀವೇ ಯಜಮಾನರು.

ಆದರೆ ಯಜಮಾನರಾಗಿ ಏನು ಮಾಡುವುದು, ಅಲ್ವಾ? ಕಟ್ಟುವ ಹಾಗಿಲ್ಲ. ಮಾರಲು ಹೋದರೆ ಕೊಳ್ಳುವವರಿಲ್ಲ. ಮಗಳ ಮದುವೆಗೆಂದು ಇಟ್ಟ ಜಾಗ ಹೀಗೆ ಸುಮ್ನೆ ಬಿದ್ದಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಊರಿಗೆ ರಸ್ತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಊರಿಗೆ ಬೇಕಾದದ್ದಕ್ಕೆ ಊರೇ ಖರ್ಚು ಕೊಡಬೇಕು, ಒಂದು ಮನೆಯವರಲ್ಲ.

ಇದಕ್ಕೆ ಕೇರಳದ 2016ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ 67ನೇ ಸೆಕ್ಷನ್ ಇದೆ. ನಮ್ಮಲ್ಲಿ ಇದು ಗೊತ್ತಿರುವವರು ತೀರಾ ಕಡಿಮೆ. ಸ್ವಾಧೀನಕ್ಕೆಂದು ಪ್ಲಾನಿನಲ್ಲಿ ಗುರುತಿಸಿದ ಜಾಗಕ್ಕೆ ಎರಡು ವರ್ಷದೊಳಗೆ ಸ್ವಾಧೀನದ ಕೆಲಸವೇ ಶುರುವಾಗದಿದ್ದರೆ, "ನೀವೇ ಕೊಂಡುಕೊಳ್ಳಿ" ಎಂದು ಪಂಚಾಯತಿಗೋ ನಗರಸಭೆಗೋ ಖರೀದಿ ನೋಟೀಸು ಕೊಡಬಹುದು. ಆಗ ಅವರು ತೀರ್ಮಾನಕ್ಕೆ ಬರಲೇಬೇಕು. ಜಾಗ ಬೇಡವಾದರೆ ಪ್ಲಾನ್ ಬದಲಾಯಿಸಬೇಕು. ಮಹಾರಾಷ್ಟ್ರದಲ್ಲಿ ಇಂಥ ನೋಟೀಸಿಗೆ ಹತ್ತು ವರ್ಷ ಕಾಯಬೇಕು.

2024ರಲ್ಲಿ ಸುಪ್ರೀಂ ಕೋರ್ಟು ಕೋಲ್ಕತ್ತ ಮಹಾನಗರ ಪಾಲಿಕೆಯ ಒಂದು ಕೇಸಿನಲ್ಲಿ, ಸರಿಯಾದ ದಾರಿಯಲ್ಲಿ ಹೋಗದೆ ಜಾಗ ವಶಪಡಿಸಿಕೊಳ್ಳುವ ಹಾಗಿಲ್ಲ ಎಂಬ ಮಾತನ್ನು ಇನ್ನೂ ಗಟ್ಟಿ ಮಾಡಿತು. ಪಾಲಿಕೆಯ ದಾಖಲೆಯಿಂದ ಮಾಲೀಕರ ಹೆಸರನ್ನೇ ತೆಗೆದುಹಾಕಿದ್ದರು. ಕಾನೂನಿನ ದಾರಿಯಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದು ಎನ್ನುವ ಸಂವಿಧಾನದ 300ಎ ವಿಧಿಯ ಪ್ರಕಾರ ನೋಟೀಸು, ಅಹವಾಲು ಕೇಳುವುದು, ಕಾರಣ ಕೊಟ್ಟ ಆದೇಶ, ನ್ಯಾಯವಾದ ಪರಿಹಾರ ಎಲ್ಲವೂ ಬೇಕು ಎಂದ ಕೋರ್ಟು, ಪಾಲಿಕೆಗೆ 5 ಲಕ್ಷ ರೂಪಾಯಿ ಖರ್ಚು ಹೊರಿಸಿತು.

ಗದ್ದೆಯ ವಿಷಯ ಮಾತ್ರ ಇದರಲ್ಲಿ ಸೇರಿಸಬೇಡಿ. ಡೇಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆ ಮತ್ತು ಜೌಗು ಜಾಗಗಳ ಸರಕಾರಿ ಪಟ್ಟಿಯಲ್ಲಿ, ಇರುವ ಗದ್ದೆಗೆ ಕೇರಳದ 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ತಪ್ಪಾಗಿ ಸೇರಿದ್ದರೆ ಆರ್‌ಡಿಒಗೆ (ಕಂದಾಯ ವಿಭಾಗಾಧಿಕಾರಿ) ಇಲ್ಲವೇ ಆ ಅಧಿಕಾರ ಇರುವ ಡೆಪ್ಯುಟಿ ಕಲೆಕ್ಟರಿಗೆ 5ನೇ ನಮೂನೆಯಲ್ಲಿ ಅರ್ಜಿ ಕೊಡಿ. ನಿಜವಾದ ಗದ್ದೆಯನ್ನು ಮಣ್ಣು ಹಾಕಿ ತುಂಬಿಸಿ ಮನೆ ಕಟ್ಟಿಕೊಡಿ ಎಂದರೆ ನಾನು ಒಪ್ಪುವುದಿಲ್ಲ. ಸುತ್ತಲಿನ ಬಾವಿಗಳಿಗೆ ನೀರು ಬರುವುದು ಅಲ್ಲಿಂದಲೇ.

ಇನ್ನೊಂದು ಮಾತು. ಮಲಯಾಳದಲ್ಲಿ ಬರೆಯಲು ಬರುವುದಿಲ್ಲ ಎಂದು ಜಾಸ್ತಿ ಜನ ಸುಮ್ಮನಾಗುತ್ತಾರೆ. ಕನ್ನಡ ಭಾಷಾ ಅಲ್ಪಸಂಖ್ಯಾತರ ಪ್ರದೇಶವೆಂದು ಘೋಷಿಸಿದ ಕಡೆಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಖರೀದಿ ನೋಟೀಸಿನ ಕರಡನ್ನು ಒಮ್ಮೆ ವಕೀಲರಿಗೆ ತೋರಿಸಿ. ಕೊಟ್ಟ ಮೇಲೆ ಸೀಲು, ತಾರೀಕು ಇರುವ ರಶೀದಿ ಕೇಳಿ ಪಡೆಯಿರಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ "ಆಗುವುದಿಲ್ಲ" ಎಂದರೆ, ಅದನ್ನೇ ಬರೆದು ಕೊಡಲು ಹೇಳಿ.