ಗಟಾರದಾಗ ಹುಡುಕಿದ್ವಿ, ಇದ್ದದ್ದು ಟಾಕಿಯೊಳಗ

ವಿಜಯಪುರದಾಗ ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ಸೇರಿದ ಹೊಸದರಾಗ ಆಗಿದ್ದಿದು. ಒಂದು ಓಣಿಯೊಳಗ ಮಲೇರಿಯಾ ಕೇಸ್ ಬಂತು, ಹೋದವ್ರ ಗಟಾರಕ್ಕ ಔಷಧ ಹೊಡಿಸಿದ್ವಿ, ಸಂಜಿಗೆ ಫಾಗಿಂಗ್ (ಸೊಳ್ಳಿ ಕೊಲ್ಲೂ ಹೊಗಿ) ಮಾಡಿಸಿದ್ವಿ, ಜನರಿಗೂ ಸಮಾಧಾನ ಆತು. ಒಬ್ಬ ಅಜ್ಜಿ ಮನಿ ಮಾಳಗಿ ಮ್ಯಾಲ ಸಿಮೆಂಟ್ ಟಾಕಿ ಇತ್ತು. "ನಮ್ಮ ನೀರು ಕನ್ನಡಿ ಇದ್ದಂಗ ಐತಿ ತಮ್ಮಾ" ಅಂದ್ಳು. ನಾನು ಮುಚ್ಚಳ ಸರಿಸಿ ಬಗ್ಗಿ ನೋಡಿದೆ, ಏನೂ ಕಾಣಲಿಲ್ಲ, ಲಾರ್ವಾ (ಸೊಳ್ಳಿ ಮರಿಹುಳ) ಇಲ್ಲ ಅಂತ ಬರಕೊಂಡು ಇಳದು ಬಂದೆ. ತಿಂಗಳದೊಳಗ ಆ ಅಜ್ಜಿ ಮೊಮ್ಮಗಗ ಚಳಿಜ್ವರ.

ಮುಂದಿನ ಸಲ ನಮ್ಮ ಸೀನಿಯರ್ ಒಬ್ರು ಜೋಡಿ ಬಂದ್ರು. ತಮ್ಮ ನೆರಳು ನೀರಿನ ಮ್ಯಾಲ ಬೀಳದಂಗ ಬಾಜೂಕ ನಿಂತು ಎರಡು ಮೂರು ನಿಮಿಷ ಸುಮ್ನಿದ್ರು, ಆಮ್ಯಾಲ ಬಿಳಿ ಡಿಪ್ಪರ್ (ಹಿಡಿಕಿ ಇರೂ ಸೌಟು) ಟಾಕಿ ಅಂಚಿಗುಂಟ ಮೆಲ್ಲಕ ಅದ್ದಿ ತಗದ್ರು. ಸಣ್ಣ ಸಣ್ಣ ಹುಳ, ಕಡ್ಡಿ ತೇಲಿದಂಗ ನೀರಿಗೆ ಸಪಾಟ ಮಲಗಿದ್ವು. ಮೊದಲ ಸಲ ನನ್ನ ನೆರಳು ಬಿದ್ದ ಕೂಡ್ಲೆ ಅವು ತಳಕ್ಕ ಇಳದಿದ್ವು, ನಾನು ಇಲ್ಲ ಅಂತ ತಿಳಕೊಂಡಿದ್ದೆ.

ಗಟಾರದಾಗ ಇರೂದು ಹೆಚ್ಚಾಗಿ ಮಲೇರಿಯಾ ಹರಡದ ಕ್ಯೂಲೆಕ್ಸ್ ಸೊಳ್ಳಿ, ಅದರ ಹುಳಕ್ಕ ಉಸಿರಾಡೂ ಕೊಳವಿ ಇರತೈತಿ, ತಲಿ ಕೆಳಗ ಮಾಡಿ ಜೋತು ಬೀಳತೈತಿ. ಮಲೇರಿಯಾ ಹರಡೂ ಅನಾಫಿಲಿಸ್ ಸೊಳ್ಳಿ ಹುಳಕ್ಕ ಆ ಕೊಳವಿ ಇಲ್ಲ, ಅದಕ್ಕ ಸಪಾಟ ಇರತೈತಿ. ಊರೊಳಗ ಮಲೇರಿಯಾ ಹರಡೂ ಅನಾಫಿಲಿಸ್ ಸ್ಟೀಫೆನ್ಸಿ ಅನ್ನೂ ಜಾತಿಗೆ ಬೇಕಾದದ್ದು ಟಾಕಿ, ಬಾವಿ, ಕಟ್ಟಡ ಕಟ್ಟೂ ಜಾಗದಾಗಿನ ನೀರು, ಅಂದ್ರ ನಾವು ಸ್ವಚ್ಛ ಅನ್ನೂ ನೀರ. ಫಾಗಿಂಗ್ ಹೊಗಿ ಹಾರೂ ಸೊಳ್ಳಿನ್ನಷ್ಟ ಕೊಲ್ಲತೈತಿ, ಟಾಕಿಯೊಳಗಿನ ಹುಳಕ್ಕ ಏನೂ ಆಗೂದಿಲ್ಲ. ಬ್ಯಾಸಗಿಯೊಳಗ ತತ್ತಿ ಸೊಳ್ಳಿ ಆಗಾಕ ಎಂಟು ಹತ್ತು ದಿನ ಸಾಕು, ಅದಕ್ಕ ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ಒಣಗಸ್ರಿ ಅಂತ ಮನಿ ಮನಿಗೆ ಹೇಳೂದು. ಹಳ್ಳಿ ಕಡೆ ಕತಿ ಬ್ಯಾರೆ, ಅಲ್ಲಿ ಅನಾಫಿಲಿಸ್‌ದ ಇನ್ನೊಂದು ಜಾತಿ ಕ್ಯುಲಿಸಿಫೇಸಿಸ್, ಕಾಲುವಿ ಸೋರಿ ನಿಂತ ನೀರಾಗ ಹುಟ್ಟಿ ದನದ ಕೊಟ್ಟಿಗ್ಯಾಗ ಕೂಡತೈತಿ, ಅಂಥ ಕಡೆ ಹುಳ ತಿನ್ನೂ ಗಪ್ಪಿ ಮೀನು ಬಿಡತೀವಿ.

ಅಜ್ಜಿ ಟಾಕಿ ಅವತ್ತ ಖಾಲಿ ಮಾಡಿಸಿದ್ವಿ, ಒಡದ ಮುಚ್ಚಳ ಬದಲಿ ಮಾಡಿಸಿದ್ವಿ. ಹುಡುಗಗ ಬಂದದ್ದು ವೈವ್ಯಾಕ್ಸ್ ಅನ್ನೂ ನಮೂನಿ ಮಲೇರಿಯಾ, ಅದು ಲಿವರ್‌ನ್ಯಾಗ ಅಡಗಿದ್ದು ಮತ್ತ ಎದ್ದು ಬರತೈತಿ. ಅದನ್ನ ತಡಿಯೂ 14 ದಿನದ ಪ್ರೈಮಾಕ್ವಿನ್ ಮುಗಿಯೂತನ ನಾನ ದಿನಾ ಆ ಮಾಳಗಿ ಮನಿಗೆ ಹೋಗಿ ಗುಳಿಗಿ ನುಂಗಿಸಿ ಬಂದೆ.