ಇರುವೆಗೆ ಸಂಬಳ ಯಾರದು?

ಬುಧವಾರದಿಂದ ಒಂದು ಹುಳ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ. ಕಪ್ಪು ಮೈ, ಬೆನ್ನೆಲ್ಲ ಮುಳ್ಳು, ಅಲ್ಲಲ್ಲಿ ಕಿತ್ತಳೆ ಚುಕ್ಕೆ. ಉಗುರಿನಷ್ಟು ದೊಡ್ಡ ಮೊಸಳೆ ಅನ್ನಿ. ಅಲಸಂದೆ ಬಳ್ಳಿಯ ಕುಡಿಯ ಹತ್ತಿರ ಹರಿದಾಡುತ್ತಿತ್ತು. ಹೊಸಕಿ ಹಾಕಿದೆ. ಒಂದಲ್ಲ, ಮೂರು.

ಅದಕ್ಕೆ ಎರಡು ದಿನ ಮುಂಚೆ ಅಕ್ಕನ ಮಗಳಿಗೆ ಇದೇ ಬಳ್ಳಿ ತೋರಿಸಿ ಭಾಷಣ ಬಿಗಿದಿದ್ದೆ. ಹೂವಿನ ಒಳಗಿನ ಮಕರಂದ ಎಲ್ಲರಿಗೂ ಗೊತ್ತು. ಅಲಸಂದೆಯಲ್ಲಿ ಹೂವಿನ ಹೊರಗೂ ಇದೆ. ಹೂ ಬಿಡುವ ಕಡ್ಡಿಯ ಮೇಲೆ ಸಣ್ಣ ಗ್ರಂಥಿಗಳಿವೆ, ಅಲ್ಲಿಂದ ಸಿಹಿ ಒಸರುತ್ತದೆ. ಇದು ಪರಾಗಸ್ಪರ್ಶಕ್ಕಲ್ಲ, ಇರುವೆಗೆ. ಕುಡಿಯಲು ಬಂದ ಇರುವೆ ಎಲೆ ತಿನ್ನುವ ಹುಳಗಳನ್ನೂ ಓಡಿಸುತ್ತದೆ. ಹತ್ತಿಯಲ್ಲಿ, ಹರಳು ಗಿಡದಲ್ಲಿ ಕೂಡ ಇಂಥ ಗ್ರಂಥಿಗಳಿವೆ. ಸುಮಾರು 4,000 ಜಾತಿಯ ಗಿಡಗಳಲ್ಲಿ ಇವನ್ನು ಗುರುತಿಸಿದ್ದಾರೆ. "ಇರುವೆ ಅಂದ್ರೆ ಗಿಡದ ವಾಚ್‌ಮನ್" ಎಂದು ಮುಗಿಸಿದೆ. ಮಕ್ಕಳ ಮುಂದೆ ಜಾಣನಾಗುವುದು ಎಷ್ಟು ಸುಲಭ, ಅಲ್ವಾ?

ಬುಧವಾರ ಬೆಳಿಗ್ಗೆ ಅವಳೇ ಕರೆದಳು. "ಮಾಮ, ನಿನ್ನ ವಾಚ್‌ಮನ್ ಕಳ್ಳರ ಜೊತೆ ಕೂತಿದಾನೆ."

ಹೋಗಿ ನೋಡಿದರೆ ಕುಡಿ ತುಂಬಾ ಕಪ್ಪು ಹೇನು, ತಲೆಯದ್ದಲ್ಲ, ಗಿಡದ ರಸ ಹೀರುವ ಸಣ್ಣ ಕೀಟ. ನಡುವೆ ಇರುವೆಗಳು. ಒಂದು ಇರುವೆ ಮೀಸೆಯಿಂದ ಹೇನಿನ ಬೆನ್ನು ತಟ್ಟಿತು. ಹೇನಿನ ಹಿಂದೆ ಒಂದು ಹನಿ ಉಬ್ಬಿತು. ಇರುವೆ ಕುಡಿಯಿತು. ಪಕ್ಕದ ಹೇನನ್ನು ತಟ್ಟಿತು. ಹಸು ಕರೆಯುವವರ ಕೈಯಲ್ಲೂ ಅಷ್ಟು ನಯ ಇರುವುದಿಲ್ಲ. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ, ಗುಂಪಿನಲ್ಲಿ ಎಲ್ಲರಿಗಿಂತ ಕ್ರೂರವಾಗಿ ಕಂಡವನನ್ನು ಕಳ್ಳರ ನಾಯಕ ಅಂದುಕೊಂಡು ಹೊಸಕಿದ್ದು.

ಅವಳು ಸುಮ್ನೆ ಕೂರಲಿಲ್ಲ. ಮಧ್ಯಾಹ್ನ ಚಿತ್ರ ಹುಡುಕಿಕೊಂಡು ಬಂದಳು. ಅದು ಗುಲಗಂಜಿ ಹುಳದ ಮರಿ. ದೊಡ್ಡದಾಗುವ ಹೊತ್ತಿಗೆ ನೂರಾರು ಹೇನು ತಿಂದು ಮುಗಿಸುವಂಥದ್ದು. ಬೆಳೆದ ಮೇಲೆ ಕೆಂಪಗೆ, ದುಂಡಗೆ ಮುದ್ದಾಗಿರುತ್ತದೆ, ಆಗ ಎಲ್ಲರೂ ಅಂಗೈ ಮೇಲೆ ಬಿಟ್ಟುಕೊಳ್ಳುತ್ತಾರೆ. ಚಿಕ್ಕದರಲ್ಲಿ ಮಾತ್ರ ಮುಖ ಸರಿಯಿಲ್ಲ, ಅಷ್ಟೇ ಅದರ ತಪ್ಪು. ನಿಜವಾದ ಕಾವಲುಗಾರನನ್ನು ನಾನು ಕೊಂದಿದ್ದೆ. ಇರುವೆಗಳು ಮಾಡಬೇಕಿದ್ದ ಕೆಲಸವನ್ನು ನಾನೇ ಮಾಡಿಕೊಟ್ಟಿದ್ದೆ. ಹೇನು ಸಾಕಿಕೊಂಡ ಇರುವೆ ಗುಲಗಂಜಿ ಹುಳವನ್ನು ಕಚ್ಚಿ ಓಡಿಸುತ್ತದೆ.

ಸಂಜೆ ಅವಳು ಕೇಳಿದ್ದೇ ಇಷ್ಟೆಲ್ಲ ಬರೆಯಲು ಕಾರಣ. "ಹಾಗಾದ್ರೆ ಇರುವೆಗೆ ಸಂಬಳ ಯಾರು ಕೊಡೋದು? ಗಿಡಾನಾ, ಹೇನಾ?"

ರಾತ್ರಿ ಮಲಗಿದಾಗಲೂ ಅದೇ ಪ್ರಶ್ನೆ. ಗಿಡಾನಾ, ಹೇನಾ? ಹೇನು ಕೊಡುವ ಹನಿ ಎಲ್ಲಿಂದ ಬಂತು? ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ, ಮೈ ಬೆಳೆಯಲು ಬೇಕಾದ ಸಾರಜನಕ ಕಡಿಮೆ. ಅದಕ್ಕೇ ಹೇನು ಹೀರುತ್ತಲೇ ಇರಬೇಕು, ಮಿಕ್ಕ ಸಕ್ಕರೆ ಹಿಂದಿನಿಂದ ಹೊರಗೆ. ಅಂದರೆ ಎರಡು ಸಂಬಳವೂ ಗಿಡದ ಜೇಬಿನಿಂದಲೇ. ಒಂದು ಅದು ಕೊಟ್ಟದ್ದು, ಇನ್ನೊಂದು ಅದರಿಂದ ಕದ್ದದ್ದು. ಇರುವೆಯ ನಾಲಿಗೆಗೆ ಎರಡೂ ಸಿಹಿ. ಬೇಲಿಯೇ ಎದ್ದು ಹೊಲ ಮೇಯಿತು ಅನ್ನೋಣವೇ? ಇಲ್ಲಿ ಬೇಲಿ ಮೇಯುತ್ತಿಲ್ಲ, ಮೇಯುವವರಿಗೆ ಕಾವಲು ನಿಂತಿದೆ.

ಕೀನ್ಯಾದಲ್ಲಿ ಒಂದು ಜಾಲಿ ಮರವಿದೆ. ಬುಡ ಊದಿದ ಟೊಳ್ಳು ಮುಳ್ಳುಗಳಲ್ಲಿ ಇರುವೆಗೆ ಮನೆ, ಎಲೆಯ ಬುಡದಲ್ಲಿ ಮಕರಂದ. ಪ್ರತಿಯಾಗಿ ಇರುವೆಗಳು ಆನೆ, ಜಿರಾಫೆಗಳನ್ನು ಕಚ್ಚಿ ಅಟ್ಟುತ್ತವೆ. 1995ರಲ್ಲಿ ಕೆಲವು ಕಡೆ ಬೇಲಿ ಹಾಕಿ ದೊಡ್ಡ ಪ್ರಾಣಿಗಳು ಬಾರದಂತೆ ಮಾಡಿದರು. ಹತ್ತು ವರ್ಷದಲ್ಲಿ ಮರಗಳು ಸಂಬಳ ಕಡಿತ ಮಾಡಿದವು. ಟೊಳ್ಳು ಮುಳ್ಳು ಕಮ್ಮಿ, ಮಕರಂದ ಕಮ್ಮಿ. ಇರುವೆ ಏನು ಮಾಡಬೇಕು? ರಸ ಹೀರುವ ಶಲ್ಕ ಕೀಟಗಳನ್ನು ಜಾಸ್ತಿ ಸಾಕಿಕೊಂಡಿತು. ಮರಕ್ಕೆ ತೊಂದರೆ ಕೊಡುವ ಇನ್ನೊಂದು ಜಾತಿಯ ಇರುವೆಯೂ ಬಂದು ಸೇರಿತು. ಆನೆಯೇ ಮುಟ್ಟದ ಮರಗಳು ನಿಧಾನ ಬೆಳೆದವು, ಜಾಸ್ತಿ ಸತ್ತವು. 2008ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಮೊದಲ ಸಲ ಓದಿದಾಗ ಮರದ ಜಿಪುಣತನಕ್ಕೆ ನಕ್ಕಿದ್ದೆ. ಈ ವಾರ ನಗು ಬರಲಿಲ್ಲ. ಶತ್ರು ಕಾಣದಾಗ ಕಾವಲುಗಾರ ದಂಡದ ಖರ್ಚು ಅನ್ನಿಸುವುದು ಮರಕ್ಕೆ ಮಾತ್ರವೇ?

ಪಕ್ಕದ ಮನೆಯವರ ವಿಷಯ ಹೇಳಲೇಬೇಕು. "ಇರುವೆ ಹತ್ತಿದ ಗಿಡ ಉದ್ಧಾರ ಆಗಲ್ಲ" ಎಂದು ಹೋದ ತಿಂಗಳೇ ಹೇಳಿದ್ದರು. ಅವರಿಗೇನು ಗೊತ್ತು ಅಂತ ಒಳಗೊಳಗೇ ನಕ್ಕಿದ್ದೆ. ಹೇನಿರುವ ಗಿಡದ ಮಟ್ಟಿಗೆ ಅವರ ಮಾತು ನಿಜವೇ. ಆದರೆ ಅವರ ಮದ್ದು ಒಂದೇ, ಔಷಧಿ ಹೊಡೆಯೋದು. ಇರುವೆ, ಹೇನು, ಮೊಸಳೆ ಮರಿ ಎಲ್ಲವೂ ಒಟ್ಟಿಗೆ ಸಾಫ್. ಅವರ ಮೇಲೆ ಸಿಟ್ಟಿತ್ತು. ಮೂರು ಮರಿ ಹೊಸಕಿದ ಮೇಲೆ ಅದನ್ನು ಆಡಿ ತೋರಿಸುವ ಧೈರ್ಯ ಇಲ್ಲ.

ಹೇನುಗಳನ್ನು ಬರೀ ನೀರು ಚಿಮ್ಮಿಸಿ ತೊಳೆದೆವು. ಎಲ್ಲ ಹೋಗಲಿಲ್ಲ. ನಿನ್ನೆ ಇಬ್ಬರೂ ಬಳ್ಳಿಯ ಮುಂದೆ ಕೂತು ಒಂದು ಇರುವೆಯ ಮೇಲೆ ಪಂದ್ಯ ಕಟ್ಟಿದೆವು. ಬಳ್ಳಿ ಕವಲೊಡೆಯುವ ಜಾಗ. ಎಡಕ್ಕೆ ಮಕರಂದದ ಗ್ರಂಥಿ, ಬಲಕ್ಕೆ ಉಳಿದ ಹೇನು. ಅವಳು ಹೇನು ಅಂದಳು. ನಾನು, ಹಟಕ್ಕೆ, ಗಿಡ ಅಂದೆ. ಇರುವೆ ಕವಲಿಗೆ ಬಂತು. ನಿಂತಿತು. ಮೀಸೆ ಆಡಿಸಿತು. ನಾನು ಇನ್ನಷ್ಟು ಬಗ್ಗಿ ಬಳ್ಳಿ ಹಿಡಿದುಕೊಂಡೆ.

ಅದು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ನನ್ನ ಹೆಬ್ಬೆರಳಿಗೆ ಹತ್ತಿ ಕಚ್ಚಿತು.

"ಈಗ ಡ್ಯೂಟಿ ಮಾಡ್ತಿದೆ ನೋಡು" ಅಂದಳು.