90ರ ನಡುಕ: ಕೊನೆಗೂ ಸಿಕ್ಕಿತು

ಕಾರಣ ಸಿಕ್ಕಿತು! ಎಂಟು ತಿಂಗಳಿಂದ ನನ್ನ ಕಾರಿನ ಸ್ಟೀರಿಂಗಿನಲ್ಲಿ ಠಿಕಾಣಿ ಹೂಡಿದ್ದ ನಡುಕ ನಿನ್ನೆ ಸಂಜೆ ಕುಮಟಾ-ಅಂಕೋಲಾ ಹೆದ್ದಾರಿಯಲ್ಲಿ ಮಾಯವಾಯಿತು. ಪಕ್ಕದಲ್ಲಿ ಭಾವ ಕೂತಿದ್ದ. ಗೇರ್ ಹಿಂದಿನ ಗುಳಿಯಲ್ಲಿ ಅರ್ಧ ನೀರಿನ ಬಾಟಲಿ. ಪ್ರತಿ ಸಲ ವೇಗ ಗಂಟೆಗೆ 85 ಕಿ.ಮೀ. ದಾಟಿದ ಕೂಡಲೇ ಆ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು. ನಿನ್ನೆ 90ರಲ್ಲಿ ನೀರು ಸುಮ್ನೆ ಅತ್ತಿತ್ತ ತೂಗಾಡುತ್ತಿತ್ತು, ಅಷ್ಟೇ. ಭಾವ ಬಾಟಲಿ ನೋಡಿದ, ನನ್ನ ಮುಖ ನೋಡಿದ, "ಇವತ್ತು ಚಾ ನಂದು" ಅಂದ.

ಗಾಡಿ ಹಳೇ ಪೆಟ್ರೋಲ್ ಸ್ವಿಫ್ಟ್. ಟೈರಿನ ಅಳತೆ 165/80 ಆರ್14. ನನ್ನ ಕೈಗೆ ಬರುವ ಮೊದಲು ಕಾರವಾರದಲ್ಲಿ, ಸಮುದ್ರದ ಹತ್ತಿರ, ಎರಡು ಮಳೆಗಾಲ ಕವರ್ ಕೂಡ ಇಲ್ಲದೆ ನಿಂತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ.

ಗಾಳಿ, ಅಲೈನ್‌ಮೆಂಟ್, ರಿಮ್ಮಿನ ಒಳಗೆ ಅಂಟಿದ ಕೆಂಪು ರಾಡಿ, ಮೂರು ಕಡೆ ಮೂರು ಸಲ ವೀಲ್ ಬ್ಯಾಲೆನ್ಸಿಂಗ್ (ಚಕ್ರದ ಭಾರ ಸುತ್ತಲೂ ಸಮ ಮಾಡುವುದು), ಇದೆಲ್ಲ ಆಗಿತ್ತು. ಅದನ್ನು ಬರೆಯುತ್ತ ಕೂರುವುದಿಲ್ಲ. ನಿಜವಾದ ಕಷ್ಟ ಬೇರೆ. ಶಿರಸಿಯಲ್ಲಿ ಕೂತು ಈ ರೋಗ ನೋಡಲು ಆಗುವುದಿಲ್ಲ. ನಮ್ಮ ಸುತ್ತಮುತ್ತ 90ರಲ್ಲಿ ಎರಡು ನಿಮಿಷ ಒಂದೇ ಸಮ ಓಡಿಸುವ ರಸ್ತೆ ಎಲ್ಲಿದೆ? ಪ್ರತಿ ಪರೀಕ್ಷೆಗೂ ದೇವಿಮನೆ ಘಟ್ಟ ಇಳಿದು, ಕತಗಾಲ ದಾಟಿ, ಕೆಳಗಿನ ಹೆದ್ದಾರಿಗೆ ಹೋಗಬೇಕು. ಒಂದು ನಟ್ಟು ತಿರುಗಿಸಿದ್ದು ಸರಿಯಾಯಿತೋ ಇಲ್ಲವೋ ನೋಡಲು ಹೋಗಿಬರುವುದೇ ನೂರು ಕಿಲೋಮೀಟರಿಗೂ ಜಾಸ್ತಿ.

ಹಾಗಾಗಿ ಊಹೆ ಬಿಟ್ಟು ಅಳತೆಗೆ ಇಳಿದೆ. ಫೋನಿನಲ್ಲಿ ಸೆಕೆಂಡಿಗೆ ಎಷ್ಟು ಸಲ ಕಂಪನ ಅಂತ ಗೆರೆಯಲ್ಲಿ ತೋರಿಸುವ ಆ್ಯಪ್ ಹಾಕಿ, ಸೀಟಿನ ಕೆಳಗಿನ ಕಬ್ಬಿಣದ ಹಳಿಗೆ ಎರಡೂ ಬದಿ ಅಂಟುವ ಟೇಪಿನಿಂದ ಫೋನು ಅಂಟಿಸಿದೆ. ವೇಗಕ್ಕೆ ಭಾವನ ಫೋನಿನ ಜಿಪಿಎಸ್, ಯಾಕೆಂದರೆ ಗಾಡಿಯ ಮೀಟರ್ ಯಾವಾಗಲೂ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಈ ಟೈರಿನ ಸುತ್ತಳತೆ ಲೆಕ್ಕಕ್ಕೆ 1.95 ಮೀಟರ್. ಭಾರಕ್ಕೆ ಅದುಮಿಕೊಳ್ಳುವುದರಿಂದ 1.9 ಅಂತ ಹಿಡಿಯಿರಿ. ಗಂಟೆಗೆ 90 ಕಿ.ಮೀ. ಅಂದರೆ ಸೆಕೆಂಡಿಗೆ 25 ಮೀಟರ್. ಚಕ್ರ ಸೆಕೆಂಡಿಗೆ 13 ಸುತ್ತು ಚಿಲ್ಲರೆ ತಿರುಗುತ್ತದೆ. ಆ್ಯಪಿನ ಗೆರೆ ಎದ್ದು ನಿಂತಿದ್ದೂ ಸರಿಯಾಗಿ 13ರ ಹತ್ತಿರ! 80ಕ್ಕೆ ಇಳಿಸಿದರೆ ಆ ಗೆರೆ 12ರ ಕೆಳಗೆ ಬಂತು. ಅಂದರೆ ಒಂದು ಸುತ್ತಿಗೆ ಒಂದು ಏಟು. ಎಂಜಿನ್ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನ್ಯೂಟ್ರಲ್‌ಗೆ ಹಾಕಿದರೂ ನಡುಕ ಹಾಗೇ ಇತ್ತು. ಹಾಗಾಗಿ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಕೂಡ ಅಲ್ಲ, ಅದು ಎಳೆತ ಇದ್ದಾಗ ಮಾತ್ರ ನಡುಗಿಸುತ್ತದೆ. 90ರಲ್ಲೇ ಯಾಕೆ ಇಷ್ಟು ಜೋರು ಅಂದರೆ, ಚಕ್ರ, ಹಬ್ (ಚಕ್ರವನ್ನು ಕೂರಿಸಿ ನಟ್ಟು ಬಿಗಿಯುವ ನಡುವಿನ ಭಾಗ), ಬ್ರೇಕು ಎಲ್ಲ ಸೇರಿದ ಆ ಗುಂಪು ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15 ಸಲ ಕುಣಿಯುವ ಸ್ವಭಾವದ್ದು. ಅದೇ ತಾಳಕ್ಕೆ ಏಟು ಬಿದ್ದರೆ ಸಣ್ಣ ತಪ್ಪೂ ದೊಡ್ಡದಾಗುತ್ತದೆ.

ಇಲ್ಲಿ ನಾನು ದಾರಿ ತಪ್ಪಿದೆ. ಸಬ್ಬಲ್ ಹಾಕಿ ಮೀಟಿ ನೋಡಿದಾಗ ಎಡಗಡೆ ಲೋವರ್ ಆರ್ಮ್ ಬುಷ್, ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳಿನ ರಬ್ಬರ್ ಕೀಲು, ಸಡಿಲ ಅನ್ನಿಸಿತು. ಹೊಸದನ್ನು ಹುಬ್ಬಳ್ಳಿಯಿಂದ ತರಿಸಿದೆ. ಡಬ್ಬದ ಮೇಲೆ ಕಂಪನಿಯ ಹೆಸರು, ಹಾಲೋಗ್ರಾಮು ಎಲ್ಲ ಇತ್ತು. ನಾಲ್ಕು ತಿಂಗಳಿಗೆ ರಬ್ಬರ್ ಸೀಳಿತು. ಅಂಗಡಿಯವರಿಗೆ ಫೋಟೋ ಕಳಿಸಿದರೆ "ನಿಮ್ಮ ಕಡೆ ರಸ್ತೆ ಸರಿಯಿಲ್ಲ" ಅಂದರು. ರಸ್ತೆ ಸರಿಯಿಲ್ಲ ಅಂತಲೇ ಅಲ್ವಾ ದುಡ್ಡು ಜಾಸ್ತಿ ಕೊಟ್ಟು ಕಂಪನಿ ಮಾಲು ತರಿಸುವುದು? ಈ ವಿಷಯದಲ್ಲಿ ನನಗೆ ಇನ್ನೂ ಸಿಟ್ಟಿದೆ. ಸಸ್ಪೆನ್ಷನ್ ಭಾಗ ಅಂದರೆ ಜೀವದ ಪ್ರಶ್ನೆ. ಅದರಲ್ಲಿ ನಕಲಿ ಮಾರುವುದು ದೊಡ್ಡ ತಪ್ಪು. ಬುಷ್ ಹೊಸದಾದರೂ ನಡುಕ ಹೋಗಲಿಲ್ಲ. ಸಡಿಲ ಬುಷ್ ನಡುಕವನ್ನು ದೊಡ್ಡದು ಮಾಡೀತು, ಹುಟ್ಟಿಸುವುದಿಲ್ಲ.

ಸುಳಿವು ಮೊದಲಿನಿಂದಲೂ ಕಣ್ಣ ಮುಂದೆಯೇ ಇತ್ತು. ಚಕ್ರ ಬಿಚ್ಚಿ ಹಾಕಿದಾಗೆಲ್ಲ ನಡುಕ ಬದಲಾಗುತ್ತಿತ್ತು. ಮೊದಲನೇ ಬ್ಯಾಲೆನ್ಸಿಂಗಿಗೆ ಅರ್ಧ ಕಡಿಮೆ ಆಯಿತು, ಎರಡನೆಯದಕ್ಕೆ ಡಬಲ್ ಆಯಿತು. ಗ್ಯಾರೇಜಿನ ಅಣ್ಣ "ತಮಾ, ಮಿಷಿನ್ ಸೊನ್ನೆ ತೋರಿಸ್ತು, ಇನ್ನೆಂತಾ ಬೇಕು ನಿಂಗೆ?" ಅಂದಿದ್ದ. ಅವನ ಮಾತು ಸುಳ್ಳಲ್ಲ. ಆದರೆ ಆ ಸೊನ್ನೆ ಮಿಷಿನ್ನಿನ ಶಾಫ್ಟಿನ ಮೇಲಿನ ಸೊನ್ನೆ. ಅಲ್ಲಿ ನಡುವಿನ ತೂತಿಗೆ ಕೋನ್ ಹಾಕಿ ಚಕ್ರವನ್ನು ನೆಟ್ಟಗೆ ಹಿಡಿಯುತ್ತಾರೆ. ನನ್ನ ಹಬ್ಬಿನ ಮೇಲೆ ಅದು ಹೇಗೆ ಕೂರುತ್ತದೆ ಅಂತ ಮಿಷಿನ್ನಿಗೆ ಗೊತ್ತಿಲ್ಲ.

ಸಣ್ಣ ಓಲಾಟವನ್ನೂ ಮುಳ್ಳಿನಲ್ಲಿ ಅಳೆದು ತೋರಿಸುವ ಡಯಲ್ ಗೇಜ್ ತರಿಸಿದೆ. ಮೊದಲು ಬಂದದ್ದರ ಮುಳ್ಳು ನಡುವೆ ಸಿಕ್ಕಿಕೊಳ್ಳುತ್ತಿತ್ತು, ವಾಪಸ್ ಕಳಿಸಿ ಇನ್ನೊಂದಕ್ಕೆ ಹನ್ನೆರಡು ದಿನ ಕಾದೆ. ಮುಂದಿನ ಎಡ ಚಕ್ರವನ್ನು ಎತ್ತಿ, ಜ್ಯಾಕ್ ಸ್ಟ್ಯಾಂಡ್ ಕೊಟ್ಟು, ಕಬ್ಬಿಣದ ದಪ್ಪ ಹಲಗೆಯ ಮೇಲೆ ಮ್ಯಾಗ್ನೆಟ್ ಸ್ಟ್ಯಾಂಡ್ ನಿಲ್ಲಿಸಿ, ರಿಮ್ಮಿನ ಬದಿಗೆ ತಾಗಿಸಿದೆ. ಒಂದು ಸುತ್ತಿಗೆ 1.6 ಮಿ.ಮೀ. ಓಲಾಟ. ಬಿಚ್ಚಿ, ಅದೇ ಸ್ಟಡ್ಡಿಗೆ (ನಟ್ಟು ಕೂರುವ ಹಬ್ಬಿನ ಬೋಲ್ಟ್) ಅದೇ ತೂತು ಬರುವಂತೆ ಸೀಮೆಸುಣ್ಣದ ಗುರುತು ನೋಡಿ ಮತ್ತೆ ಹಾಕಿದೆ. 0.9. ಮೂರನೇ ಸಲ 1.3. ಆಗ ಎದೆ ಹೊಡೆದುಕೊಂಡಿತು. ರಿಮ್ ಸೊಟ್ಟಗಿದ್ದರೆ, ಹಬ್ ಸೊಟ್ಟಗಿದ್ದರೆ, ಪ್ರತಿ ಸಲ ಅದೇ ಅಳತೆ ಬರಬೇಕು. ಬದಲಾಗುತ್ತಿದೆ ಅಂದರೆ ಚಕ್ರ ಸರಿಯಾಗಿ ಕೂರುತ್ತಲೇ ಇಲ್ಲ!

ಚಕ್ರ ಮಗುಚಿ ಟಾರ್ಚ್ ಹಾಕಿದೆ. ನಡುವಿನ ತೂತಿನ ಒಳ ಅಂಚು ಪೂರ್ತಿ ಕಪ್ಪಗಿತ್ತು, ಒಂದು ಕಡೆ ಮಾತ್ರ ಬಿದಿಗೆ ಚಂದ್ರನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಅಷ್ಟು ಜಾಗ ಮಾತ್ರ ಯಾವುದಕ್ಕೋ ಉಜ್ಜುತ್ತಿದೆ. ಹಬ್ಬಿನ ಕಡೆ ನೋಡಿದರೆ, ನಡುವಿನ ಉಬ್ಬು ಬ್ರೇಕ್ ಡಿಸ್ಕನ್ನು ದಾಟಿ ಹೊರಬರುವ ಆ ಮೂಲೆಯಲ್ಲಿ ತುಕ್ಕಿನ ಉಂಗುರ. ಉಗುರಿನಿಂದ ಕೆರೆದರೆ ಬರಲಿಲ್ಲ. ಸ್ಕ್ರೂಡ್ರೈವರ್ ತುದಿ ಕೊಟ್ಟಾಗ ಪದರ ಪದರವಾಗಿ, ಹಳೇ ಹೆಂಚಿನ ಚಕ್ಕೆಯ ಹಾಗೆ ಎದ್ದಿತು. ಕಾರವಾರದ ಉಪ್ಪುಗಾಳಿ! ಚಕ್ರ ಆ ಉಂಗುರದ ಮೇಲೆ ಹತ್ತಿ ನಿಲ್ಲುತ್ತಿತ್ತು. ಯಾವ ನಟ್ಟು ಮೊದಲು ಬಿಗಿಯಾಯಿತೋ ಆ ಕಡೆಗೆ ವಾಲುತ್ತಿತ್ತು. ಗಾಳಿ ಗನ್ನಿನಲ್ಲಿ ಒಂದು ನಟ್ಟನ್ನು ಪೂರ್ತಿ ಬಿಗಿದು ಆಮೇಲೆ ಮುಂದಿನದಕ್ಕೆ ಹೋಗುವವರಿಂದ ನಡುಕ ಡಬಲ್ ಆದದ್ದು ಹೀಗೆ.

ಡಿಸ್ಕ್ ಬಿಚ್ಚಲು ಅದರಲ್ಲೇ ಇರುವ ಎರಡು ಎಂ8 (8 ಮಿ.ಮೀ. ಬೋಲ್ಟಿನ) ತೂತುಗಳಿಗೆ ಬೋಲ್ಟ್ ಹಾಕಿ ಒತ್ತಿದರೆ ಸಾಕು, ದಯವಿಟ್ಟು ಸುತ್ತಿಗೆ ಬೇಡ. ಹಬ್ಬಿನ ಮುಖ, ಡಿಸ್ಕಿನ ಎರಡೂ ಮುಖ, ರಿಮ್ಮಿನ ಹಿಂಬದಿ, ಎಲ್ಲ ವೈರ್ ಬ್ರಷ್ಷು, ಎಮರಿ ಪೇಪರ್. ಉಬ್ಬಿಗೆ ಮಾತ್ರ ತೆಳ್ಳಗೆ ಗ್ರೀಸು, ಸ್ಟಡ್ಡಿಗೆ ಬೇಡ. ಚಕ್ರ ಮೇಲೆ ಇರುವಾಗಲೇ ನಾಲ್ಕೂ ನಟ್ಟು ಕೈಯಿಂದ, ಆಮೇಲೆ ಎದುರು ಬದುರು ಸ್ವಲ್ಪ ಸ್ವಲ್ಪ, ಇಳಿಸಿದ ಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ 85 ನ್ಯೂಟನ್ ಮೀಟರ್. ಮತ್ತೆ ಗೇಜ್ ಇಟ್ಟೆ. 0.4. ಬಿಚ್ಚಿ ಹಾಕಿದೆ, 0.4. ಇನ್ನೊಮ್ಮೆ, 0.4. ಅಂಗಳದಲ್ಲೇ ಕೂಗಿಬಿಟ್ಟೆ, ಒಳಗಿನಿಂದ ಆಯಿ ಏನಾಯಿತೋ ಅಂತ ಓಡಿ ಬಂದರು.

ಈ ಗೇಜ್ ಕೈಗೆ ಬಂದಾಗಿನಿಂದ ಅಟ್ಟದ ಕೆಳಗೆ ನಿಂತ ಅಪ್ಪಯ್ಯನ ಯೆಜ್ಡಿ ಬೈಕು ಕಣ್ಣಿಗೆ ಬೀಳುತ್ತಿದೆ. ಅದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿಗಳು ಮಾತ್ರ ನಮ್ಮ ಕಡೆ ಅಡಿಕೆ ತೋಟದ ಮನೆಗಳಲ್ಲಿ ಇನ್ನೂ ಉಳಿದಿವೆ. ಅದರ ಕ್ರ್ಯಾಂಕ್ (ಎಂಜಿನ್ನಿನ ಒಳಗೆ ತಿರುಗುವ ಶಾಫ್ಟು) ಒತ್ತಿ ಕೂಡಿಸಿದ ತುಂಡುಗಳದ್ದು. ವಿ-ಬ್ಲಾಕಿನ (ಶಾಫ್ಟು ಕೂರಿಸುವ ವಿ ಆಕಾರದ ಗಟ್ಟಿ) ಮೇಲೆ ತಿರುಗಿಸಿ, ಇದೇ ಗೇಜಿನಲ್ಲಿ ನೋಡುತ್ತ, ತಾಮ್ರದ ಸುತ್ತಿಗೆಯಲ್ಲಿ ನೆಟ್ಟಗೆ ಮಾಡಬೇಕು. ಅಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕ. ವಿ-ಬ್ಲಾಕ್ ಜೋಡಿ ಹೇಳಿಟ್ಟಿದ್ದೇನೆ.

ಅದಕ್ಕೆ ಮೊದಲು ಸ್ವಿಫ್ಟಿನ ಉಳಿದ ಮೂರು ಚಕ್ರ. ಮುಂದಿನ ಬಲಗಡೆಯದನ್ನು ಅಂದೇ ತಿಕ್ಕಿದೆ, ಅಲ್ಲಿ ಉಂಗುರ ಅರ್ಧ ಮಾತ್ರ ಇತ್ತು. ಹಿಂದಿನ ಎಡಗಡೆ ಡ್ರಮ್ಮು ಹಬ್ಬಿಗೆ ಕಚ್ಚಿಕೊಂಡು ಕೂತಿದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೇನೆ. ಭಾನುವಾರ ನೋಡಬೇಕು.